ಒಂದೇ ದಿನದಲ್ಲಿ ಸೋತವರ ಕಥೆ

(ಸಂಘದ ವಾರ್ಷಿಕ ಆಟೋಟಗಳ ಬಹುಮಾನ ವಿತರಣೆಯ ಸಭೆಯಲ್ಲಿ ಮಾಡಿದ ಭಾಷಣ)

ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿರುವ ಗಿರಣಿಯ ಅಣ್ಣಂದಿರೇ, ಮಧ್ಯಾಹ್ನದ ಊಟದ ಗಿರಾಕಿಗಳನ್ನು ಸಾಗಹಾಕಿ ಓಡಿ ಬಂದಿರುವ ಹೋಟೆಲಿನ ತಮ್ಮಂದಿರೇ,

ಬಹುಮಾನ ಹಂಚುವ ದಿನ ಗೆದ್ದವರನ್ನು ಹೊಗಳಿ ನಾಲ್ಕು ಮಾತು ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಆ ಕೆಲಸವನ್ನು ಅಧ್ಯಕ್ಷರು ನನಗಿಂತ ಚೆನ್ನಾಗಿ ಮಾಡುತ್ತಾರೆ. ನಾನು ಇಂದು ಸೋತವರ ವಿಷಯ ಮಾತನಾಡಬೇಕೆಂದಿದ್ದೇನೆ. ಅದೂ ಒಂದೆರಡು ಅಂಕಗಳಿಂದ ಸೋತವರಲ್ಲ. ಲೆಕ್ಕ ಬರೆಯುವವನಿಗೇ ಬೇಸರ ಬರುವಷ್ಟು ಸೋತವರು. ಇದಕ್ಕೆ ಕಾರಣವಿದೆ. ಕಾರಣವನ್ನು ಕೊನೆಗೆ ಹೇಳುತ್ತೇನೆ, ಕಥೆಯನ್ನು ಮೊದಲು ಕೇಳಿ.

ನಾವು ಅನ್ನ ತಿನ್ನುತ್ತಿರುವ ಈ ಕಲ್ಕತ್ತೆ ಆಟದ ಹುಚ್ಚಿನ ಊರು. 1911ರಲ್ಲಿ ಮೋಹನ್ ಬಾಗಾನಿನ ಹುಡುಗರು, ಒಬ್ಬರ ಹೊರತು ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿ, ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬೂಟುಗಾಲಿನ ಸೋಲ್ಜರರನ್ನು 2-1ರಿಂದ ಸೋಲಿಸಿ ಶೀಲ್ಡ್ ಗೆದ್ದ ಕಥೆಯನ್ನು ಇಲ್ಲಿನ ಟ್ರಾಮಿನಲ್ಲಿ ಕೂತ ಯಾವ ಮುದುಕರನ್ನು ಕೇಳಿದರೂ ಹೇಳುತ್ತಾರೆ. ಅದೇ ಮೋಹನ್ ಬಾಗಾನ್ 1975ರ ಶೀಲ್ಡ್ ಫೈನಲಿನಲ್ಲಿ ಈಸ್ಟ್ ಬೆಂಗಾಲಿಗೆ 5-0ರಿಂದ ಸೋತಿತು. ಆ ಐದು ಗೋಲುಗಳ ಮಾತೆತ್ತಿದರೆ ಬಾಗಾನಿನವರ ಮುಖ ಈಗಲೂ ಬಾಡುತ್ತದೆ. ಆದರೆ ಎರಡೇ ವರ್ಷದ ಮೇಲೆ, 1977ರಲ್ಲಿ, ಅದೇ ಕ್ಲಬ್ಬು ಶೀಲ್ಡ್, ರೋವರ್ಸ್, ಡ್ಯೂರಂಡ್ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದುಕೊಂಡಿತು. ಈಡನ್ ಗಾರ್ಡನ್ಸಿನಲ್ಲಿ ಪೆಲೆಯವರ ಕಾಸ್ಮಾಸ್ ತಂಡದೊಡನೆ 2-2 ಸಮ ಮಾಡಿಕೊಂಡಿತು. 5-0 ಆದ ರಾತ್ರಿ ಕ್ಲಬ್ಬಿನ ಬಾಗಿಲಿಗೆ ಬೀಗ ಹಾಕಿದ್ದರೆ 1977 ಎಲ್ಲಿಂದ ಬರುತ್ತಿತ್ತು?

ಇದು ಬಂಗಾಳಿಗಳ ಕಥೆಯಾಯಿತು. ಇನ್ನು ನಮ್ಮವರದಕ್ಕೆ ಬರುತ್ತೇನೆ.

ರಣಜಿ ಟ್ರೋಫಿ ಎಂಬ ಕ್ರಿಕೆಟ್ ಪಂದ್ಯಾವಳಿಯ ಹೆಸರು ನಿಮಗೆಲ್ಲ ಗೊತ್ತು. ಅದರ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದರಾಸಿನ ಚೆಪಾಕಿನಲ್ಲಿ. ಆಡಿದವರು ಮದರಾಸಿನವರು ಮತ್ತು ನಮ್ಮ ಮೈಸೂರಿನವರು. ದಿನಗಟ್ಟಲೆ ನಡೆಯಬೇಕಾದ ಪಂದ್ಯ ಒಂದೇ ದಿನಕ್ಕೆ ಮುಗಿಯಿತು. ಮೈಸೂರಿನವರು ಮೊದಲ ಸಲ 48 ರನ್ನಿಗೆ ಎಲ್ಲರೂ ಔಟು. ಮದರಾಸಿನವರು ಮಾಡಿದ್ದೂ ದೊಡ್ಡದೇನಲ್ಲ, 130. ಎರಡನೆಯ ಸಲ ನಮ್ಮವರು 59ಕ್ಕೆ ಮುಗಿದರು. ಎರಡೂ ಸಲದ್ದನ್ನು ಕೂಡಿಸಿದರೆ 107. ಎದುರಾಳಿ ಒಂದು ಸಲ ಮಾಡಿದ್ದಕ್ಕೂ 23 ಕಡಿಮೆ. ಮದರಾಸಿನ ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ದೇಶದ ದೊಡ್ಡ ಪಂದ್ಯಾವಳಿಯ ಮೊದಲನೆಯ ಪುಟದಲ್ಲಿಯೇ ಮೈಸೂರಿನ ಹೆಸರು ಹೀಗೆ ಬರೆಯಲ್ಪಟ್ಟಿತು.

ಇದಕ್ಕಿಂತ ದೊಡ್ಡದು ಇಂದೂರಿನ ಕಥೆ. 1945-46ರ ಸೆಮಿಫೈನಲಿಗೆ ಮೈಸೂರು ತಂಡ ಹೋಳ್ಕರ್ ಸಂಸ್ಥಾನದ ತಂಡದೊಡನೆ ಆಡಲು ಇಂದೂರಿಗೆ ಹೋಯಿತು. ಹೋಳ್ಕರ್ ಎಂದರೆ ಸಾಮಾನ್ಯ ತಂಡವಲ್ಲ. ಅಲ್ಲಿನ ದರ್ಬಾರಿಗೆ ಕ್ರಿಕೆಟ್ಟಿನ ಹುಚ್ಚು. ಎಲ್ಲಿ ಒಳ್ಳೆಯ ಆಟಗಾರ ಕಂಡರೂ ಕರೆಸಿಕೊಳ್ಳುವುದು, ಸೈನ್ಯದಲ್ಲಿ ಒಂದು ಹುದ್ದೆ ಕೊಡುವುದು, ಊಟ ವಸತಿಯ ಚಿಂತೆಯಿಲ್ಲದಂತೆ ಆಡಿಸುವುದು. ನಾಗಪುರದ ಸಿ. ಕೆ. ನಾಯುಡು ಅಲ್ಲಿ ಹೋಗಿ ಕರ್ನಲ್ ನಾಯುಡು ಆದದ್ದು ಹೀಗೆ. ತಿಂಗಳ ಕೊನೆಯಲ್ಲಿ ಸಂಬಳ ಬರುತ್ತದೋ ಇಲ್ಲವೋ ಎಂದು ಗಲ್ಲೆಯ ಕಡೆ ನೋಡುತ್ತ ನಿಲ್ಲುವ ನಮಗೆ, ಹಿಂದೆ ಖಜಾನೆ ಇದ್ದರೆ ಆಡುವವನ ಕೈ ಎಷ್ಟು ಧಾರಾಳವಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಳ್ಕರಿನವರು ಬ್ಯಾಟು ಹಿಡಿದರು. ಭಂಡಾರ್ಕರ್ 142, ಸರ್ವಟೆ 101, ಜಗದಾಳೆ 164, ಐವತ್ತು ವರ್ಷದ ನಾಯುಡು 101, ನಿಂಬಾಳ್ಕರ್ 172, ಪ್ರತಾಪಸಿಂಗ್ 100. ಒಂದೇ ಇನ್ನಿಂಗ್ಸಿನಲ್ಲಿ ಆರು ಜನರ ಶತಕ. ಅದುವರೆಗೆ ಪ್ರಪಂಚದಲ್ಲಿ ಎಲ್ಲಿಯೂ ಆಗದ ದಾಖಲೆ. 8 ವಿಕೆಟ್ ಹೋಗುವಷ್ಟರಲ್ಲಿ 912 ರನ್. ಆಮೇಲೆ ಸಾಕೆಂದು ಅವರೇ ನಿಲ್ಲಿಸಿದರು. ನಮ್ಮವರು ನಿಲ್ಲಿಸಿದ್ದಲ್ಲ.

ಈ 912ರ ಬಿಸಿಲಿನಲ್ಲಿ ಮೈಸೂರಿನ ಕಡೆ ಚೆಂಡು ಎಸೆಯುತ್ತಿದ್ದವರಲ್ಲಿ ಬಿ. ಕೆ. ಗರುಡಾಚಾರ್ ಒಬ್ಬರು. 69 ಓವರ್ ಎಸೆದರು, 301 ರನ್ ಕೊಟ್ಟರು, 4 ವಿಕೆಟ್ ಪಡೆದರು. ಪ್ರಪಂಚದ ಕ್ರಿಕೆಟ್ಟಿನಲ್ಲಿಯೇ ಒಂದು ಇನ್ನಿಂಗ್ಸಿನಲ್ಲಿ ಮುನ್ನೂರಕ್ಕಿಂತ ಹೆಚ್ಚು ಕೊಟ್ಟವರು ಬೆರಳೆಣಿಕೆಯ ಮಂದಿ. 1926ರಲ್ಲಿ ಆಸ್ಟ್ರೇಲಿಯದ ಮೇಲಿ ಎಂಬವರು ವಿಕ್ಟೋರಿಯ ತಂಡ 1107 ಮಾಡಿದಾಗ 362 ಕೊಟ್ಟಿದ್ದರು. ಇಂಥ ಪಟ್ಟಿಯಲ್ಲಿ ಹೆಸರು ಬರುವುದು ಯಾರಿಗೂ ಬೇಡ. ಆದರೆ ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆಡದೆ ಮೂಲೆಯಲ್ಲಿ ನಿಂತವನು 301 ರನ್ ಕೊಡಲಾರ. ಇನ್ನೊಂದು ಓವರ್, ಇನ್ನೊಂದು ಓವರ್ ಎಂದು ನಾಯಕ ಚೆಂಡು ಕೊಟ್ಟಾಗಲೆಲ್ಲ ಕೈ ಚಾಚಿದವನ ಹೆಸರಿಗೆ ಮಾತ್ರ ಆ ಲೆಕ್ಕ ಬೀಳುತ್ತದೆ. ನಮ್ಮ ಅಡುಗೆಮನೆಯಲ್ಲಿಯೂ ಹಾಗೆಯೇ ಅಲ್ಲವೇ? ಒಡೆದ ಲೋಟಗಳೆಲ್ಲ ಹೆಚ್ಚು ಲೋಟ ತೊಳೆದವನ ಲೆಕ್ಕಕ್ಕೇ ಬರುತ್ತವೆ.

ಮೈಸೂರಿನ ಮೊದಲ ಇನ್ನಿಂಗ್ಸು 190. ಅಂದರೆ 722 ರನ್ ಹಿಂದೆ. ಪಂದ್ಯದಲ್ಲಿ ಇನ್ನು ತೀರ್ಮಾನವಾಗಬೇಕಾದದ್ದು ಏನೂ ಉಳಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಬೇಗ ಔಟಾಗಿ ಊರಿನ ರೈಲು ಹತ್ತಿದ್ದರೆ ಯಾರೂ ಬೈಯುತ್ತಿರಲಿಲ್ಲ. ಎರಡನೆಯ ಇನ್ನಿಂಗ್ಸಿನಲ್ಲಿ ಅದೇ ಮೈಸೂರಿನವರು 6 ವಿಕೆಟ್ಟಿಗೆ 509 ರನ್ ಮಾಡಿದರು! ಅದರಲ್ಲಿ 164 ಗರುಡಾಚಾರರದ್ದು. 301 ಕೊಟ್ಟ ಅದೇ ಕೈ, ಅದೇ ಪಂದ್ಯ.

ಲೆಕ್ಕವನ್ನು ಮರೆಮಾಚುವುದು ಬೇಡ. 190ಕ್ಕೆ 509 ಕೂಡಿಸಿದರೆ 699. ಆದರೂ 912ಕ್ಕೆ 213 ಕಡಿಮೆಯೇ. ಹೋಳ್ಕರಿನವರು ಫೈನಲಿಗೆ ಹೋದರು, ಆ ವರ್ಷದ ಟ್ರೋಫಿಯನ್ನೂ ಗೆದ್ದರು. ಎರಡನೆಯ ಇನ್ನಿಂಗ್ಸು ಸೋಲನ್ನು ಗೆಲುವನ್ನಾಗಿ ಮಾಡಲಿಲ್ಲ. ಆದರೆ ಮೈಸೂರಿನವರನ್ನು ಹಗುರವಾಗಿ ಕಾಣಬಾರದೆಂಬುದನ್ನು ಎದುರಾಳಿಗೂ, ಅದಕ್ಕಿಂತ ಹೆಚ್ಚಾಗಿ ಮೈಸೂರಿನವರಿಗೇ ಕಲಿಸಿತು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿ. 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರಕ್ಕೂ ಕಾಠೇವಾಡಕ್ಕೂ ಪಂದ್ಯ. ಇಂದೂರಿನಲ್ಲಿ 172 ಹೊಡೆದಿದ್ದ ಅದೇ ನಿಂಬಾಳ್ಕರ್ ಈಗ ಮಹಾರಾಷ್ಟ್ರದ ಕಡೆ ಆಡಿ ಔಟಾಗದೆ 443ರಲ್ಲಿ ನಿಂತಿದ್ದರು. ಇನ್ನು ಹತ್ತು ರನ್ ಮಾಡಿದ್ದರೆ ಬ್ರಾಡ್ಮನ್ನರ 452ರ ವಿಶ್ವದಾಖಲೆ ಮುರಿಯುತ್ತಿತ್ತು. ಕಾಠೇವಾಡದ ನಾಯಕರು ರಾಜಕೋಟೆಯ ಠಾಕೂರ ಸಾಹೇಬರು. ಇಷ್ಟು ಹೊಡೆಸಿಕೊಂಡದ್ದು ಸಾಕೆಂದು ಅವರು ಪಂದ್ಯವನ್ನೇ ಬಿಟ್ಟುಕೊಟ್ಟು ತಂಡವನ್ನು ಕರೆದುಕೊಂಡು ಹೊರಟುಹೋದರು. ಸಂಸ್ಥಾನದ ಒಡೆಯರಿಗೆ ಅದು ಸಾಧ್ಯ. ಮೈದಾನ ಬಿಟ್ಟರೂ ಅವರಿಗೆ ಹೋಗಲು ಅರಮನೆ ಇತ್ತು. ನಮ್ಮಂಥವರು ಮೈದಾನ ಬಿಟ್ಟರೆ ಹೋಗುವುದೆಲ್ಲಿಗೆ? ಊರಿನ ಗದ್ದೆ ನಮ್ಮನ್ನು ಸಾಕುವಂತಿದ್ದರೆ ಈ ಕಲ್ಕತ್ತೆಗೆ ಏಕೆ ಬರುತ್ತಿದ್ದೆವು?

ಬಂಧುಗಳೇ, ಹೀಗೆ ಒಂದು ಕಡೆಗೇ ವಾಲಿದ ಪಂದ್ಯದ ಹಿಂದೆ ಖಜಾನೆಯ ಬಲ ಇರುತ್ತದೆಂಬುದನ್ನು ನೋಡಿದೆವು. ಬೇರೆ ಕಾರಣವೂ ಇರಬಹುದು. ಅದಕ್ಕೆ ಅಮೇರಿಕದ ಒಂದು ಪಂದ್ಯವನ್ನು ಹೇಳುತ್ತೇನೆ. ಕಾರ್ಮಿಕರಾದ ನಾವು ತಿಳಿದಿರಲೇಬೇಕಾದ ಪಂದ್ಯ ಅದು.

ಅಲ್ಲಿ ಬೇಸ್‌ಬಾಲ್ ಎಂಬ ಆಟ. ನಮ್ಮ ಕ್ರಿಕೆಟ್ಟಿನ ದಾಯಾದಿ ಎನ್ನಬಹುದು. ಒಂದೊಂದು ಕಡೆ ಒಂಬತ್ತು ಜನ, ಒಬ್ಬ ಚೆಂಡು ಎಸೆಯುತ್ತಾನೆ, ಒಬ್ಬ ದೊಣ್ಣೆಯಿಂದ ಹೊಡೆದು ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್. ಕ್ರಿಕೆಟ್ಟಿನಂತೆ ನೂರಾರು ರನ್ ಬರುವುದಿಲ್ಲ. ಒಂದು ಕಡೆಗೆ ನಾಲ್ಕೈದು ಬಂದರೆ ಸಾಮಾನ್ಯ. 1912ರ ಮೇ 18ರಂದು ಫಿಲಡೆಲ್ಫಿಯದಲ್ಲಿ ಅಲ್ಲಿನ ಅಥ್ಲೆಟಿಕ್ಸ್ ತಂಡ ಡೆಟ್ರಾಯಿಟಿನ ಟೈಗರ್ಸ್ ತಂಡವನ್ನು 24-2ರಿಂದ ಸೋಲಿಸಿತು. ಅಥ್ಲೆಟಿಕ್ಸಿನವರು ಹಿಂದಿನ ಎರಡು ವರ್ಷ ದೇಶಕ್ಕೇ ಚಾಂಪಿಯನ್ನರು, ನಿಜ. ಟೈಗರ್ಸ್ ಕೂಡ ಸಣ್ಣ ತಂಡವಲ್ಲ. ಟೈ ಕಾಬ್ ಎಂಬ ಮಹಾ ಆಟಗಾರ ಇದ್ದ ತಂಡ. ಹಾಗಾದರೆ ಈ 24-2 ಹೇಗಾಯಿತು?

ಆ ದಿನ ಮೈದಾನದಲ್ಲಿ ಟೈಗರ್ಸ್ ಅಂಗಿ ತೊಟ್ಟು ನಿಂತವರು ಟೈಗರ್ಸ್ ಆಟಗಾರರಾಗಿರಲಿಲ್ಲ. ನಿಜವಾದ ಆಟಗಾರರು ಮುಷ್ಕರ ಹೂಡಿ ಹೊರಗೆ ಹೋಗಿದ್ದರು. ಮೂರು ದಿನ ಮೊದಲು ನ್ಯೂಯಾರ್ಕಿನಲ್ಲಿ ಕಾಬನು ತನ್ನನ್ನು ಹಂಗಿಸಿದ ಪ್ರೇಕ್ಷಕನೊಬ್ಬನನ್ನು ಗ್ಯಾಲರಿಗೆ ಹತ್ತಿ ಹೊಡೆದಿದ್ದ. ಲೀಗಿನ ಅಧ್ಯಕ್ಷರು ಅವನನ್ನು ಅವಧಿಯೂ ಹೇಳದೆ ಅಮಾನತು ಮಾಡಿದರು. ಜೊತೆಗಾರರು, ಅವನು ಬರುವವರೆಗೆ ನಾವೂ ಆಡುವುದಿಲ್ಲವೆಂದು ತಂತಿ ಕಳುಹಿಸಿದರು. ತಂಡವನ್ನು ಇಳಿಸದಿದ್ದರೆ ಮಾಲೀಕನಿಗೆ ಪಂದ್ಯಕ್ಕೆ 5,000 ಡಾಲರ್ ದಂಡ. ದಂಡ ತಪ್ಪಿಸಲು ಮ್ಯಾನೇಜರು ಊರಿನ ಹುಡುಗರನ್ನು ಕೂಡಿಹಾಕಿ, ತಂಡದ ವಯಸ್ಸಾದ ತರಬೇತುದಾರರಿಗೂ ಅಂಗಿ ತೊಡಿಸಿ ನಿಲ್ಲಿಸಿದ. ಚೆಂಡು ಎಸೆದವನು ಅಲನ್ ಟ್ರಾವರ್ಸ್ ಎಂಬ ಕಾಲೇಜು ವಿದ್ಯಾರ್ಥಿ. ಪಾಪ, ಕೊನೆಯವರೆಗೆ ಅವನೊಬ್ಬನೇ ಎಸೆದು 24 ರನ್ ಕೊಟ್ಟ. ಮುಂದೆ ಅವನು ಪಾದ್ರಿಯಾದ. ದುಡ್ಡು ಕೊಟ್ಟು ಬಂದ ಸಾವಿರಾರು ಜನ ಈ ತಮಾಷೆಯನ್ನು ನೋಡಿದರು.

ಗಿರಣಿಯ ಅಣ್ಣಂದಿರಿಗೆ ಇದು ಹೊಸ ಕಥೆಯಲ್ಲ. ಬದಲಿಯವರನ್ನು ನಿಲ್ಲಿಸಿ ಮಗ್ಗ ನಡೆಸಿದ್ದನ್ನು ನೀವು ನೋಡಿದ್ದೀರಿ. ಯಂತ್ರ ತಿರುಗುತ್ತದೆ, ಹೊಗೆ ಬರುತ್ತದೆ, ಹೊರಗಿನಿಂದ ನೋಡಿದರೆ ಗಿರಣಿ ನಡೆಯುತ್ತಿದೆ. ಒಳಗಿನ ಮಾಲು ಎಂಥದೆಂದು ಬಲ್ಲವರೇ ಬಲ್ಲರು. ಆ 24-2 ಎಂಬ ಅಂಕಿಯೇ ಹೊರಗೆ ನಿಂತ ಆಟಗಾರರ ಬೆಲೆ ಎಷ್ಟೆಂಬುದಕ್ಕೆ ಚೀಟಿ ಬರೆದುಕೊಟ್ಟಂತಿತ್ತು.

ಆದರೆ ಈ ಮುಷ್ಕರವನ್ನು ಹೊಗಳಿ ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾಬನಿಂದ ಹೊಡೆತ ತಿಂದವನು ಯಾರು ಗೊತ್ತೇ? ಅಚ್ಚಿನ ಯಂತ್ರಕ್ಕೆ ಸಿಕ್ಕಿ ಒಂದು ಕೈಯನ್ನು ಪೂರ್ತಿಯಾಗಿಯೂ ಇನ್ನೊಂದರ ಮೂರು ಬೆರಳುಗಳನ್ನೂ ಕಳೆದುಕೊಂಡಿದ್ದ ಮನುಷ್ಯ. ನಮ್ಮಂಥವನೇ ಒಬ್ಬ. ಬಾಯಿಗೆ ಬಂದಂತೆ ಬೈದದ್ದು ಅವನ ತಪ್ಪು. ಕೈಯಿಲ್ಲದವನನ್ನು ಹೊಡೆದದ್ದು ಇನ್ನೂ ದೊಡ್ಡ ತಪ್ಪು. ಒಗ್ಗಟ್ಟು ದೊಡ್ಡ ಮಾತು, ಆದರೆ ಯಾವುದಕ್ಕಾಗಿ ಒಗ್ಗಟ್ಟು ಎಂಬುದನ್ನೂ ಕೇಳಿಕೊಳ್ಳಬೇಕು. ನಮ್ಮವನೆಂಬ ಒಂದೇ ಕಾರಣಕ್ಕೆ ಸಂಘವು ಎಲ್ಲವನ್ನೂ ಹೊತ್ತುಕೊಂಡರೆ ನ್ಯಾಯದ ಬೇಡಿಕೆಗೂ ಬೆಲೆ ಉಳಿಯುವುದಿಲ್ಲ.

ಆ ಮುಷ್ಕರ ಒಂದೇ ಪಂದ್ಯಕ್ಕೆ ಮುಗಿಯಿತು. ಹಿಂದಿರುಗಿದ ಆಟಗಾರರಿಗೆ ತಲೆಗೆ 100 ಡಾಲರ್ ದಂಡ, ಹೊಡೆದ ಕಾಬನಿಗೆ 50 ಡಾಲರ್ ದಂಡ ಮತ್ತು ಹತ್ತು ದಿನದ ಅಮಾನತು! ಮೇಲಿನವರ ತಕ್ಕಡಿ ಹೀಗಿರುತ್ತದೆ: ಮನುಷ್ಯನನ್ನು ಹೊಡೆದದ್ದಕ್ಕಿಂತ ಕೆಲಸ ನಿಲ್ಲಿಸಿದ್ದು ಎರಡು ಪಾಲು ದೊಡ್ಡ ಅಪರಾಧ. ಅದೇ ವರ್ಷ ಆಟಗಾರರು ತಮ್ಮದೊಂದು ಸಂಘ ಕಟ್ಟಿದರು. ಅದು ಕೆಲವೇ ವರ್ಷ ಬದುಕಿತು. ಮತ್ತೆ ಕಟ್ಟಿದರು. 1966ರಲ್ಲಿ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಸಂಘದಲ್ಲಿ ಪಳಗಿದ್ದ ಮಾರ್ವಿನ್ ಮಿಲ್ಲರ್ ಎಂಬವರನ್ನು ಕರೆದು ಮುಂದಾಳಾಗಿ ಮಾಡಿಕೊಂಡರು. 1968ರಲ್ಲಿ ಮಾಲೀಕರು ಮೊದಲ ಬಾರಿ ಕೂತು ಒಪ್ಪಂದಕ್ಕೆ ಸಹಿ ಹಾಕಿದರು; ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರಿನಿಂದ 10,000ಕ್ಕೆ ಏರಿತು. 1912ರಿಂದ 1968. ಐವತ್ತಾರು ವರ್ಷ!

ಈಗ ಈ ಕಥೆಗಳನ್ನೆಲ್ಲ ಏಕೆ ಹೇಳಿದೆನೆಂಬುದಕ್ಕೆ ಬರುತ್ತೇನೆ.

ಹೋದ ವರ್ಷ ವಾರದ ರಜೆ ಮತ್ತು ಬೋನಸ್ಸಿನ ವಿಷಯದಲ್ಲಿ ನಮ್ಮ ಹೋಟೆಲ್ ಕೆಲಸಗಾರರ ಮಾತುಕತೆ ನಡೆಯಿತು. ಮೇಜಿನ ಆ ಕಡೆ ವಕೀಲರು, ಲೆಕ್ಕಿಗರು, ಬೈಂಡು ಮಾಡಿಸಿದ ರಿಜಿಸ್ಟರುಗಳು. ಈ ಕಡೆ ರಾತ್ರಿಯ ಪಾತ್ರೆ ತೊಳೆದು ಬಂದ ನಾಲ್ವರು. ಅವರಲ್ಲಿ ಇಬ್ಬರಿಗೆ ತಾವು ಅಲ್ಲಿ ಕೆಲಸ ಮಾಡುತ್ತಿದ್ದೇವೆಂದು ತೋರಿಸುವ ಒಂದು ಚೀಟಿಯನ್ನೂ ಧಣಿಗಳು ಕೊಟ್ಟಿರಲಿಲ್ಲ. ಕಾನೂನು ನಮ್ಮ ಕಡೆ ಇದ್ದರೂ ಕಾಗದ ಅವರ ಕಡೆ ಇತ್ತು. ಫಲ ನಿಮಗೆ ಗೊತ್ತು. ಅದು ನಮ್ಮ 190.

ಅಲ್ಲಿಂದ ಈಚೆಗೆ ಚಂದಾ ಕೊಡುವವರು ಅರ್ಧಕ್ಕರ್ಧ ಇಳಿದಿದ್ದಾರೆ. "ಅಣ್ಣಾ, ಅವರ ಮುಂದೆ ನಾವು ಯಾವ ಲೆಕ್ಕ? ಸಂಘ ಇದ್ದರೆಷ್ಟು ಬಿಟ್ಟರೆಷ್ಟು?" ಎಂದು ನಮ್ಮ ಹುಡುಗರೇ ನನ್ನನ್ನು ಕೇಳುತ್ತಾರೆ. ಭಜನೆ ಮತ್ತು ಆಟೋಟ ಮಾತ್ರ ಇಟ್ಟುಕೊಂಡು ಬೇಡಿಕೆಯ ಮಾತು ಬಿಟ್ಟುಬಿಡೋಣವೆಂದು ಹೇಳುವ ಹಿರಿಯರೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ಇಂದೂರಿನಲ್ಲಿ ಮೈಸೂರಿನವರು ಮೊದಲ ಇನ್ನಿಂಗ್ಸಿಗೇ ಬ್ಯಾಟು ಕಟ್ಟಿಟ್ಟಿದ್ದರೆ ಚರಿತ್ರೆಯಲ್ಲಿ 912 ಮತ್ತು 190 ಮಾತ್ರ ಉಳಿಯುತ್ತಿತ್ತು. 509 ಇರುತ್ತಿರಲಿಲ್ಲ.

ಸೋಲೇ ಗೆಲುವಿನ ಮೆಟ್ಟಿಲು ಎಂಬ ಗಾದೆಯನ್ನು ಶಾಲೆಯ ಗೋಡೆಯ ಮೇಲೆ ಓದಿದ್ದೇವೆ. ಮೆಟ್ಟಿಲು ತಾನಾಗಿ ಆಗುವುದಿಲ್ಲ. ಕಲ್ಲು ಹೊರಬೇಕು, ಕಡಿಯಬೇಕು, ಇಡಬೇಕು. ಹೊರುವ ಕಲ್ಲುಗಳು ಯಾವುವೆಂದು ಹೇಳುತ್ತೇನೆ.

ಮೊದಲನೆಯದು, ಪ್ರತಿಯೊಬ್ಬನೂ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಬೇಕು. ಕೆಲಸಕ್ಕೆ ಹತ್ತಿದ ಹೊತ್ತು, ಬಿಟ್ಟ ಹೊತ್ತು, ಕೈಗೆ ಬಂದ ದುಡ್ಡು, ಸಿಗದೆ ಹೋದ ರಜೆ ಇಷ್ಟನ್ನು ದಿನವೂ ಬರೆಯಬೇಕು. ಬರೆಯಲು ಬಾರದವರಿಗೆ ಬರೆದುಕೊಡುವುದಕ್ಕೆ ಭಾನುವಾರ ಸಂಜೆ ಸಂಘದ ಕೋಣೆಯಲ್ಲಿ ಇಬ್ಬರು ಕೂತಿರುತ್ತಾರೆ. ಎರಡನೆಯದು, ಚಂದಾ. ಹೋಳ್ಕರಿನ ಖಜಾನೆ ನಮಗಿಲ್ಲ. ನಮ್ಮ ಖಜಾನೆ ಈ ಚಂದಾ ಡಬ್ಬಿ. ಮೂರನೆಯದು, ನಿಮ್ಮ ಜಾಗಕ್ಕೆ ಬಂದು ನಿಂತ ಬದಲಿ ಹುಡುಗನನ್ನು ಬೈಯಬೇಡಿ. ಫಿಲಡೆಲ್ಫಿಯದ ಆ ವಿದ್ಯಾರ್ಥಿಯಂತೆ ಅವನಿಗೂ ತಾನು ಯಾರ ಜಾಗದಲ್ಲಿ ನಿಂತಿದ್ದೇನೆಂಬುದು ಸರಿಯಾಗಿ ತಿಳಿದಿರುವುದಿಲ್ಲ. ಅವನನ್ನು ಇಲ್ಲಿಗೆ ಕರೆದುಕೊಂಡು ಬನ್ನಿ, ಒಂದು ಲೋಟ ಚಹಾ ಕೊಟ್ಟು ಕೂರಿಸಿ. ಉಳಿದದ್ದನ್ನು ನಾವು ಹೇಳುತ್ತೇವೆ.

ಕಡೆಯ ಮಾತು. 1934ರಲ್ಲಿ ಒಂದೇ ದಿನದಲ್ಲಿ ಸೋತ ಮೈಸೂರಿನವರು 1941-42ರಲ್ಲಿ ಫೈನಲಿಗೆ ಬಂದು ಬೊಂಬಾಯಿಗೆ ಸೋತರು. 1946ರಲ್ಲಿ ಇಂದೂರಿನಲ್ಲಿ ಸೋತರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದೇ 1973-74ರಲ್ಲಿ, ಹದಿನೈದು ವರ್ಷ ಒಂದೇ ಸಮನೆ ಟ್ರೋಫಿಯನ್ನು ಕೈಬಿಡದಿದ್ದ ಬೊಂಬಾಯಿಯನ್ನು ಪ್ರಸನ್ನರ ನಾಯಕತ್ವದಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಹಿಂದಿಕ್ಕಿದರು. ವಿಶ್ವನಾಥ್ 162 ಹೊಡೆದರು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ರಣಜಿ ಟ್ರೋಫಿಯನ್ನು ಮೊದಲ ಬಾರಿಗೆ ನಾಡಿಗೆ ತಂದರು. ಆ ಹೊತ್ತಿಗೆ ಹೋಳ್ಕರ್ ಎಂಬ ತಂಡವೇ ಇರಲಿಲ್ಲ. ಸಂಸ್ಥಾನ ಹೋಯಿತು, ಖಜಾನೆ ಹೋಯಿತು, ತಂಡವೂ ಹೋಯಿತು. ಬೆಂಗಳೂರಿನ ಕ್ಲಬ್ಬುಗಳಲ್ಲಿ, ಕಾಲೇಜುಗಳಲ್ಲಿ, ಬಯಲುಗಳಲ್ಲಿ ಬೆಳೆದ ತಂಡ ಉಳಿಯಿತು. ಗರುಡಾಚಾರರು ಇದನ್ನೆಲ್ಲ ಕಣ್ಣಾರೆ ಕಂಡರು. 2016ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೊಂಬತ್ತು ವರ್ಷ.

ಬರುವ ತಿಂಗಳ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ಹೊಸ ಬೇಡಿಕೆಯ ಪಟ್ಟಿಯನ್ನು ಸಿದ್ಧಮಾಡುವ ಸಭೆಯಿದೆ. ಪಾಳಿ ಇದ್ದವರು ಪಾಳಿ ಬದಲಾಯಿಸಿಕೊಂಡು ಬನ್ನಿ, ಬರುವಾಗ ನಿಮ್ಮ ಪುಸ್ತಕವನ್ನು ತನ್ನಿ. ಎರಡನೆಯ ಇನ್ನಿಂಗ್ಸನ್ನು ಅಲ್ಲಿಂದ ಆಡೋಣ.